ಇಲಾರಿಯೆಯ ಕೈ

ನಮ್ಮ ಕೋಣೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಕೆಳಗೆ ಬೇಕರಿ ಇದೆ, ಅದರ ಕಾವು ಮೇಲೆ ಬರುತ್ತದೆ ಎನ್ನುತ್ತಿದ್ದ ನಮ್ಮ ಮಾಲೀಕ ಒವಿದಿಯು. ಕಾವು ಬರುತ್ತಿರಲಿಲ್ಲ, ವಾಸನೆ ಮಾತ್ರ ಬರುತ್ತಿತ್ತು. ಬಿಸಿ ಬ್ರೆಡ್ಡಿನ ವಾಸನೆ ಕುಡಿಯುತ್ತ, ಕೋಟು ಬಿಚ್ಚದೆ, ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ಹಾಕಿಕೊಂಡು ನಾವು ಎಂಟು ಜನ ಕಂಪ್ಯೂಟರುಗಳ ಮುಂದೆ ಕೂರುತ್ತಿದ್ದೆವು.

ಕೆಲಸ ಇಷ್ಟೇ. ಲೋಕದ ಯಾವುದೋ ಮೂಲೆಯ ಹುಡುಗರು ಕಂಪ್ಯೂಟರಿನಲ್ಲಿ ಆಟ ಆಡುತ್ತಾರೆ. ಆಟದ ತಾಣದಲ್ಲಿ ಅವರಿಗೆ ಒಂದೊಂದು ಪ್ರೊಫೈಲ್ ಪುಟ. ಮದುವೆ ಮನೆಯ ಬಾಗಿಲು ಸಿಂಗರಿಸಿದ ಹಾಗೆ ಅದನ್ನು ಸಿಂಗರಿಸಬೇಕು. ಅವರು ಆಟದ ವಿಡಿಯೊ ಕಳಿಸುತ್ತಾರೆ. ಅದರಲ್ಲಿ ಒಂದು ಚೆಂದದ ಗಳಿಗೆ ಹುಡುಕಿ, ಕತ್ತರಿಸಿ, ಬಣ್ಣ ತಿದ್ದಿ, ಕೊನೆಯನ್ನು ಮೊದಲಿಗೆ ಬೆಸೆದು, ನಿಲ್ಲದೆ ತಿರುಗುವ ಪುಟ್ಟ ಚಿತ್ರ ಮಾಡಿ ಕೊಡುತ್ತೇವೆ. ಜಿಫ್ ಎನ್ನುತ್ತಾರೆ ಅದಕ್ಕೆ. ಕತ್ತಿ ಬೀಸುವವನು ಬೀಸುತ್ತಲೇ ಇರುತ್ತಾನೆ. ಕುದುರೆ ಓಡುತ್ತಲೇ ಇರುತ್ತದೆ, ಎಲ್ಲಿಗೂ ಮುಟ್ಟುವುದಿಲ್ಲ.

ಮಾಡಿದವರು ನಾವು. ಚಿತ್ರದ ಕೆಳಗೆ ಬೀಳುವ ಹೆಸರು ಒವಿದಿಯುವಿನದು. ಗಿರಾಕಿಗೆ ಹಿಡಿಸದಿದ್ದರೆ ನಮಗೆ ಕೂಲಿ ಇಲ್ಲ. ಹಿಡಿಸಿದರೆ ಕರೆಂಟಿನ ಲೆಕ್ಕ, ಕುರ್ಚಿಯ ಬಾಡಿಗೆ ಮುರಿದುಕೊಂಡು ಉಳಿದದ್ದು ಕೊಡುತ್ತಿದ್ದ. ಹೌದು, ನಾವು ಕೂರುವ ಕುರ್ಚಿಗೆ ನಾವೇ ಬಾಡಿಗೆ ಕೊಡುತ್ತಿದ್ದೆವು. ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನಮ್ಮ ಊರು ವಾಲ್ಯ ನ್ಯಾಗ್ರದಲ್ಲಿ ಕಲ್ಲಿದ್ದಲ ಗಣಿ ಮುಚ್ಚಿತ್ತು. ನಾನು ಹೊಲಿಗೆಗೆ ಹೋಗುತ್ತಿದ್ದ ಸ್ವೆಟರ್ ಕಾರ್ಖಾನೆಯೂ ಮುಚ್ಚಿತ್ತು. ಇನ್ನು ಉಳಿದದ್ದು ಇಟಲಿಗೆ ಹೋಗಿ ಮುದುಕರ ಕಕ್ಕಸು ಬಳಿಯುವುದು, ಇಲ್ಲವೆ ಇಲ್ಲಿ ಕೂರುವುದು.

ನನ್ನ ಪಕ್ಕದ ಕುರ್ಚಿ ಗಾವ್ರಿಲಣ್ಣನದು. ಐವತ್ತು ದಾಟಿದ ಆಸಾಮಿ. ಗಣಿಯಲ್ಲಿ ಸುರಂಗದ ಚಾವಣಿಗೆ ಆಸರೆ ಕಂಬ ಕೂರಿಸುತ್ತಿದ್ದವ. ಕೆನ್ನೆಯ ಚರ್ಮದೊಳಗೆ ಕಲ್ಲಿದ್ದಲ ನೀಲಿ ಚುಕ್ಕೆಗಳು ಹಾಗೇ ಉಳಿದಿದ್ದವು. ಉದ್ಯೋಗ ಕಚೇರಿಯವರು ಕೊಟ್ಟ ಕಂಪ್ಯೂಟರ್ ತರಬೇತಿ ಮುಗಿಸಿ ಬಂದಿದ್ದ. ಹೆಂಡತಿಗೆ ಮಾತ್ರ ಬೇಕರಿಯಲ್ಲಿ ಮೂಟೆ ಹೊರುತ್ತೇನೆ ಎಂದು ಹೇಳಿದ್ದ.

"ಯಾಕಣ್ಣ ಸುಳ್ಳು?" ಎಂದು ಕೇಳಿದ್ದೆ.

"ಏನಂತ ಹೇಳ್ಲಿ ತಂಗಿ ದೊಯ್ನ? ಮಕ್ಕಳ ಆಟಕ್ಕೆ ಬೊಂಬೆ ಕುಣಿಸ್ತೀನಿ ಅಂತಾನಾ?"

ಆ ಕಡೆ ಕುರ್ಚಿಯ ನೇಲು ನಗುತ್ತಿದ್ದ. ಅವನೂ ಅದೇ ಗಣಿಯವ. "ಬೊಂಬೆನಾದ್ರೂ ಕುಣೀತದೆ ಬಿಡಣ್ಣ. ನಮ್ಮನ್ನ ಕುಣಿಸೋನು ಆ ಕೋಣೇಲಿ ಕೂತವ್ನೆ."

ಚಳಿಗಾಲದ ಕೊನೆಗೆ ಹೊಸ ಆಟವೊಂದು ಬಂತು. ನೆಲದೊಳಗೆ ಸುರಂಗ ಕೊರೆದು ಅದಿರು ತೆಗೆಯುವ ಆಟ. ತಪ್ಪಾಗಿ ಅಗೆದರೆ ಚಾವಣಿ ಕುಸಿದು ಗಣಿಗಾರ ಸಾಯುತ್ತಾನೆ. ಹುಡುಗರಿಗೆ ಅದಿರಿಗಿಂತ ಅವನು ಸಾಯುವುದೇ ಮೋಜು. ತುಂಬ ಹೆಸರು ಮಾಡಿದ ಆಟಗಾರನೊಬ್ಬ ತನ್ನ ಪುಟಕ್ಕೆ ಆ ಸಾವೇ ಬೇಕೆಂದ. ಒವಿದಿಯು ನೆಟ್ಟಗೆ ಗಾವ್ರಿಲಣ್ಣನ ಹತ್ತಿರ ಬಂದ.

"ಆಟದಲ್ಲಿ ಬಂಡೆ ರಟ್ಟಿನ ಥರ ಬೀಳ್ತದೆ ಕಣಣ್ಣ. ಅದರಲ್ಲಿ ಜೀವ ಇಲ್ಲ. ನೀನು ನಿಜ ಕಂಡೋನು. ನೀನು ಮಾಡು."

"ಅದೊಂದು ಬೇಡಿ ಸಾಹೇಬ್ರೆ. ಬೇರೆ ಯಾವ್ದಾದ್ರೂ ಕೊಡಿ."

"ಬೇರೇದಕ್ಕೆ ಬೇರೆಯವ್ರಿದ್ದಾರೆ. ಕುರ್ಚಿ ಬೇಡ ಅಂದ್ರೆ ಅದನ್ನಾದ್ರೂ ಹೇಳು. ಕೆಳಗೆ ಬಾಗ್ಲಲ್ಲಿ ಜನ ಕಾಯ್ತಾವ್ರೆ."

ಗಾವ್ರಿಲಣ್ಣ ಮಾಡಿದ. ಗಿರಾಕಿ ಕಳಿಸಿದ ವಿಡಿಯೊ ಸಾಲದೆ ತಾನೇ ಆಟ ಆಡಿದ. ಬೇಕೆಂದೇ ತಪ್ಪಾಗಿ ಅಗೆದು, ಆ ಪುಟ್ಟ ಗಣಿಗಾರನನ್ನು ಮತ್ತೆ ಮತ್ತೆ ಕೊಂದು, ಪ್ರತಿ ಸಾವನ್ನೂ ಸೆರೆ ಹಿಡಿದ. ಬಂಡೆಗಿಂತ ಮೊದಲು ದೂಳು ಉದುರುವ ಹಾಗೆ ತಿದ್ದಿದ. ಕಂಬ ಒಮ್ಮೆಲೇ ಮುರಿಯದೆ ಮೊದಲು ಬಾಗುವ ಹಾಗೆ ಮಾಡಿದ. ಆಟದಲ್ಲಿ ಗಣಿಗಾರನ ಕೈ ಬಂಡೆಯ ಸಂದಿಯಿಂದ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣಿಸಿ ಮಾಯವಾಗುತ್ತಿತ್ತು. ಅವನು ಆ ಗಳಿಗೆಯನ್ನು ಹಿಗ್ಗಿಸಿದ. ಕೈ ಹೊರಗೆ ನಿಂತಿತು. ಬೆರಳು ಬಿಚ್ಚಿದವು, ಮುಚ್ಚಿದವು, ಬಿಚ್ಚಿದವು. ಆಮೇಲೆ ದೂಳು ಮುಸುಕಿ ಮತ್ತೆ ಮೊದಲಿನಿಂದ ಶುರು. ಬೆಸುಗೆ ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಆ ದಿನಗಳಲ್ಲಿ ಅವನು ಊಟಕ್ಕೂ ಏಳಲಿಲ್ಲ. ಮನೆಯಿಂದ ತಂದ ಜೋಳದ ಮುದ್ದೆ ಬಟ್ಟೆಯಲ್ಲೇ ಗಟ್ಟಿಯಾಗುತ್ತಿತ್ತು.

ಒವಿದಿಯು ಚಿತ್ರ ನೋಡಿ ಕುಣಿದಾಡಿದ. ಎಲ್ಲರನ್ನೂ ಕರೆದ. "ನೋಡ್ರೋ, ಇದು ಕೆಲಸ! ಕಲೀರಿ ನಮ್ಮ ಗಾವ್ರಿಲಣ್ಣನ್ನ ನೋಡಿ!" ನಾವು ಚಪ್ಪಾಳೆ ತಟ್ಟಿದೆವು. ಪ್ಲಮ್ ಸಾರಾಯಿ ಸಣ್ಣ ಲೋಟಗಳಲ್ಲಿ ಬಂತು. ಗಾವ್ರಿಲಣ್ಣ ಕುಡಿದ. ನೀಲಿ ಚುಕ್ಕೆಗಳ ಕೆನ್ನೆ ನಗುವಿನಲ್ಲಿ ಅರಳಿತು. ಗಣಿ ಮುಚ್ಚಿದ ಮೇಲೆ ಯಾರೂ ಅವನನ್ನು ಹೊಗಳಿರಲಿಲ್ಲ. ಮುಂದೆ ಅವನು ತನ್ನ ಕೆಲಸಕ್ಕಿಂತ ಆ ನಗುವಿಗೇ ಹೆಚ್ಚು ನಾಚಿಕೆಪಟ್ಟ.

ಆ ಚಿತ್ರ ಒಬ್ಬ ಗಿರಾಕಿಯಲ್ಲಿ ನಿಲ್ಲಲಿಲ್ಲ. ನನಗೂ ಬೇಕು, ನನಗೂ ಬೇಕು ಎಂದು ಲೋಕವೆಲ್ಲ ಕೇಳಿತು. ಒವಿದಿಯು ನಕಲು ಮಾಡಿ ಮಾರಿದ. ಒಂದು ದೊಡ್ಡ ಟಿವಿ ಪರದೆ ತಂದು ಮೆಟ್ಟಿಲ ಬುಡದಲ್ಲಿ, ಬೀದಿಗೆ ಕಾಣುವ ಹಾಗೆ ತೂಗುಹಾಕಿ ಆ ಚಿತ್ರವನ್ನೇ ಹಗಲೆಲ್ಲ ಓಡಿಸಿದ. ಬ್ರೆಡ್ಡು ಕೊಳ್ಳಲು ಬಂದವರು ನಿಂತು ನೋಡುತ್ತಿದ್ದರು. ನಮ್ಮ ಊರಿನವರೇ, ಗಣಿಯ ಊರಿನವರು. ಕೆಲವರು ಮುಖ ತಿರುಗಿಸಿ ಹೋಗುತ್ತಿದ್ದರು.

ಸೋಮವಾರ ಬೆಳಿಗ್ಗೆ ಸಾವೆತಕ್ಕ ಮೆಟ್ಟಿಲು ಒರೆಸಲು ಬಂದಳು. ಆ ಕಟ್ಟಡ ಗುಡಿಸಿ ಒರೆಸುವವಳು ಅವಳು. ಅವಳ ಗಂಡ ಇಲಾರಿಯೆ, ಗಾವ್ರಿಲಣ್ಣನ ಜೊತೆಗಾರ. ಗಣಿ ಮುಚ್ಚುವ ಮುಂಚೆ ಸುರಂಗ ಕುಸಿದು ಸತ್ತವನು. ನಾನು ಕೆಲಸಕ್ಕೆ ಬಂದಾಗ ಅವಳು ಒರೆಸುವ ಕೋಲು ಹಿಡಿದು ಪರದೆಯ ಮುಂದೆ ನಿಂತಿದ್ದಳು. ಕುಸಿಯಿತು. ಕೈ ಬಂತು. ಮತ್ತೆ ಕುಸಿಯಿತು. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವಳ ಚಪ್ಪಲಿ ನೆನೆಯುತ್ತಿತ್ತು.

"ಬಾ ಸಾವೆತಕ್ಕ, ನೋಡ್ಬೇಡ ಅದನ್ನ," ಎಂದೆ.

ಅವಳು ಕೋಲು ಗೋಡೆಗೊರಗಿಸಿ ನನ್ನ ಹಿಂದೆಯೇ ಮೇಲೆ ಬಂದಳು. ಗಾವ್ರಿಲಣ್ಣನ ಕುರ್ಚಿಯ ಪಕ್ಕ ನಿಂತಳು.

"ಕೆಳಗಿರೋದು ಮಾಡ್ದೋನು ನೀನಾ?"

"ಹೂಂ ಅಕ್ಕ."

"ಅದು ಯಾರ ಕೈ?"

"ಆಟದ್ದು ಅಕ್ಕ. ಬೊಂಬೆದು."

"ಆಟ ಮಾಡ್ದೋರು ಗಣಿ ನೋಡವ್ರಾ?"

"ಇಲ್ಲ."

"ಹಂಗಾದ್ರೆ ಕೈ ಹಂಗೆ ಆಡೋದ್ನ ಯಾರು ನೋಡಿದ್ದು?"

ಗಾವ್ರಿಲಣ್ಣ ಕೀಬೋರ್ಡ್ ನೋಡುತ್ತಿದ್ದ.

"ಹೆಣದ ಪೆಟ್ಟಿಗೆ ತಂದ ದಿವ್ಸ ನನ್ನ ಅಡಿಗೆ ಮನೇಲಿ ಕೂತು ಏನ್ ಹೇಳ್ದೆ ನೀನು? ದೀಪ ಆರ್ದಂಗೆ ಹೋದ ಅಂದೆ. ಅವನಿಗೇ ಗೊತ್ತಾಗ್ಲಿಲ್ಲ ಅಂದೆ. ಶಿಲುಬೆ ಮುಟ್ಟಿ ಹೇಳ್ದೆ."



"ಹಂಗೆ ಹೇಳು ಅಂದ್ರು ಅಕ್ಕ," ಎಂದ ಗಾವ್ರಿಲಣ್ಣ.

"ಯಾರು?"

"ಇಂಜಿನಿಯರು. ಬಂಡೆ ಸರಿಸಿ ತೆಗೀಬೇಕು ಅಂದ್ರೆ ಪಕ್ಕದ ಸುರಂಗದ ಪಟ್ಟಿ ನಿಲ್ಲಿಸ್ಬೇಕಿತ್ತು, ಕಲ್ಲಿದ್ದಲು ಹೊತ್ಕೊಂಡು ಓಡೋ ರಬ್ಬರ್ ಪಟ್ಟಿ. ನಿಲ್ಲಿಸಲ್ಲ ಅಂದ್ರು. ಗ್ಯಾಸ್ ಐತೆ, ಸದ್ಯಕ್ಕೆ ಇಟ್ಟಿಗೆ ಕಟ್ಟಿ ಮುಚ್ರಿ, ಹೆಣ ಆಮೇಲೆ ತೆಗೆದ್ರಾಯ್ತು ಅಂದ್ರು. ಗ್ಯಾಸ್ ಇರ್ಲಿಲ್ಲ ಅಕ್ಕ. ಮೀಟರು ಸುಮ್ನಿತ್ತು."

"ಅವನು?"

"ಕೈ ಒಂದು ಹೊರಗಿತ್ತು. ನಾನು ಹಿಡ್ಕೊಂಡಿದ್ದೆ. ಬಿಡೋ ಅಂತ ಎಳೆದ್ರು. ಬಿಟ್ಟೆ. ನಾನು ಬಿಟ್ಟ ಮೇಲೆ ಹಂಗೆ... ಬೆರಳು ಹಂಗೆ ಆಡ್ತು. ಹುಡುಕ್ತಿತ್ತು."

ಸಾವೆತಕ್ಕ ಅಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡಳು.

"ಜೀವ ಇತ್ತು ಅಂತ ಹೇಳಿದ್ರೆ ವಿಚಾರಣೆ ವರ್ಷಗಟ್ಟಲೆ ನಡೀತದೆ, ಆ ಹೆಂಗಸಿಗೆ ಪಿಂಚಣಿ ಬರಲ್ಲ, ಮಕ್ಕಳು ಉಪವಾಸ ಬೀಳ್ತವೆ ಅಂದ್ರು. ಎಲ್ರ ಕೈಲೂ ಸಹಿ ಹಾಕ್ಸಿದ್ರು. ನಿನಗೆ ಒಳ್ಳೇದಾಗ್ಲಿ ಅಂತಾನೇ ಹಾಕ್ದೆ ಅಕ್ಕ. ಆಮೇಲೆ ಅವನ ಕೂಗು..."

"ಕೂಗ್ದನಾ?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಉತ್ತರ ಬಂದದ್ದು ಆ ಕಡೆಯಿಂದ.

"ನಾನೂ ಕೇಳ್ದೆ ಅಕ್ಕ," ಎಂದ ನೇಲು. ಎಂದೂ ತಮಾಷೆ ಬಿಟ್ಟು ಮಾತಾಡದವನು. "ಪಕ್ಕದ ಸುರಂಗದಲ್ಲಿ ಕಲ್ಲಿದ್ದಲು ಅಗೀತಿದ್ವಿ. ಗೋಡೆ ಆಚೆಯಿಂದ ಕೇಳ್ತಿತ್ತು. ಅಗೀತಾನೇ ಇದ್ವಿ."

ಒವಿದಿಯು ತನ್ನ ಕೋಣೆಯಿಂದ ಹೊರಬಂದ. "ಏನಿದು ಸಂತೆ? ಗುಡ್ಸೋಳಿಗೆ ಮೇಲೇನು ಕೆಲಸ?"

"ಕೆಳಗಿರೋದನ್ನ ತೆಗೀರಿ," ಎಂದಳು ಸಾವೆತಕ್ಕ.

"ಅಕ್ಕ, ಅದು ಆಟ. ನಿನ್ನ ಗಂಡ ಅದರಲ್ಲಿಲ್ಲ."

"ಇದ್ದಾನೆ," ಎಂದ ಗಾವ್ರಿಲಣ್ಣ. "ಆ ಕೈ ಇಲಾರಿಯೆದು. ನಾನೇ ಇಟ್ಟೆ. ಇಡೋವಾಗ ಗೊತ್ತಿತ್ತು ನಂಗೆ."

ಒವಿದಿಯು ನಕ್ಕ. ಕೆಟ್ಟವನ ನಗುವಲ್ಲ ಅದು, ಕೆಲಸ ಬಹಳ ಇರುವವನ ನಗು. "ಇಲ್ಲಿ ತೆಗೆದ್ರೆ ಏನಾಯ್ತು? ಮಾರಾಗಿದೆ. ಎಷ್ಟು ದೇಶದಲ್ಲಿ ಎಷ್ಟು ಪುಟದ ಮೇಲೆ ಕೂತಿದೆಯೋ ನನಗೇ ಗೊತ್ತಿಲ್ಲ. ಯಾರು ವಾಪಸ್ ತರ್ತಾರೆ?" ನೇಲುವಿನ ಕಂಪ್ಯೂಟರಿನಲ್ಲೇ ಒಂದು ಪುಟ ತೆಗೆದು ತೋರಿಸಿದ. ಚಿತ್ರದ ಕೆಳಗೆ ಯಾರು ಯಾರೋ ನಗುವ ಮುಖಗಳ ಸಾಲು ಹಾಕಿದ್ದರು. ಅದರ ಮೇಲೆ ಇಲಾರಿಯೆಯ ಕೈ ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು.

ಸಾವೆತಕ್ಕ ಆ ನಗುವ ಮುಖಗಳನ್ನು ನೋಡಿದಳು. ನಾನು ನೆಲ ನೋಡಿದೆ. ಅದಕ್ಕೆ ಚಪ್ಪಾಳೆ ತಟ್ಟಿದ ಕೈಗಳು ನನ್ನ ತೊಡೆಯ ಮೇಲೇ ಇದ್ದವು. ಎಲ್ಲಿ ಬಚ್ಚಿಡಲಿ?

ನೇಲು ಎದ್ದು ಕೆಳಗೆ ಹೋದ. ಮೆಟ್ಟಿಲ ಬುಡದಲ್ಲಿ ತಂತಿ ಕಿತ್ತ ಸದ್ದು, ಆಮೇಲೆ ಪರದೆ ನೆಲಕ್ಕೆ ಬಿದ್ದ ಸದ್ದು ಕೇಳಿತು.

"ಇವತ್ತು ಎದ್ದೋರಿಗೆ ಈ ತಿಂಗಳ ಕೂಲಿ ಇಲ್ಲ," ಎಂದು ಕಿರುಚಿದ ಒವಿದಿಯು. "ಪರದೆ ದುಡ್ಡೂ ನಿಮ್ಮ ಲೆಕ್ಕಕ್ಕೇ!"

ಗಾವ್ರಿಲಣ್ಣ ಎದ್ದ. ಮತ್ತಿಬ್ಬರು ಎದ್ದರು. ನಾನು ತಡಮಾಡಿದೆ. ಬಾಡಿಗೆ ಮನೆ, ಮಂಡಿ ನೋವಿನ ತಾಯಿ, ಎಲ್ಲ ಕಣ್ಮುಂದೆ ಬಂತು. ಕಡೆಗೆ ಎದ್ದೆ. ಮೂವರು ಏಳಲಿಲ್ಲ. ಅವರನ್ನು ನಾನು ಬೈಯುವುದಿಲ್ಲ.

ಕೆಳಗೆ ಬೀದಿಯಲ್ಲಿ ಗಾವ್ರಿಲಣ್ಣ ಸಾವೆತಕ್ಕನ ಮುಂದೆ ಟೊಪ್ಪಿ ತೆಗೆದು ನಿಂತ. "ಉಗಿ ಅಕ್ಕ. ಕಪಾಳಕ್ಕೆ ಹೊಡಿ. ನಾಚಿಕೆ ತಡೆಯಕ್ಕಾಗ್ತಿಲ್ಲ ನಂಗೆ."

"ನಿನ್ನ ನಾಚಿಕೆ ತಗೊಂಡು ನಾನೇನ್ ಮಾಡ್ಲಿ?" ಎಂದಳು ಅವಳು. "ಮನೇಲಿಟ್ಕೋ ಅದನ್ನ. ನನಗೆ ನಿನ್ನ ಬಾಯಿ ಬೇಕು. ನಡಿ."

ಜಿಲ್ಲೆಯ ಊರಿಗೆ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ಅವಳು ಅವನ ಪಕ್ಕ ಕೂರಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಡುವೆ ಒಂದು ನಿಲ್ದಾಣದಲ್ಲಿ ನೇಲು ಇಳಿದು ಹೋಗಿ, ಅದೇ ಗಣಿಯ ಇಬ್ಬರು ಮುದುಕರನ್ನು ಮನೆಯಿಂದ ಎಬ್ಬಿಸಿಕೊಂಡು ಮುಂದಿನ ಬಸ್ಸಿಗೆ ಬಂದ. ಅವರೂ ಸಹಿ ಹಾಕಿದವರು. ಒಬ್ಬನ ಕಾಲಲ್ಲಿ ಮನೆಯ ಚಪ್ಪಲಿಯೇ ಇತ್ತು.

ಸರ್ಕಾರಿ ವಕೀಲರ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತಿದ್ದ ಹೆಂಗಸು ಹೆಸರು ಕೇಳಿದಳು, ಒಳಗೆ ಹೋದಳು, ಬಂದಳು.

"ಆ ಫೈಲು ಯಾವತ್ತೋ ಮುಚ್ಚಿದೆ ಅಮ್ಮ. ತಕ್ಷಣ ಸಾವು ಅಂತ ಇದೆ. ಸಾಕ್ಷಿಗಳ ಸಹಿ ಇದೆ."

"ಸಹಿ ಹಾಕ್ದೋರು ಇಲ್ಲೇ ಅವ್ರೆ. ತೆಗೀರಿ."

"ಹಂಗೆಲ್ಲ ತೆಗೆಯಕ್ಕಾಗಲ್ಲ. ಸಾಹೇಬ್ರು ಇಲ್ಲ. ಮನೆಗೆ ಹೋಗಿ."

ಸಾವೆತಕ್ಕ ಅಲ್ಲೇ ನೆಲದ ಮೇಲೆ ಕೂತಳು. ಹಗಲೆಲ್ಲ ಬೇರೆಯವರ ನೆಲ ಒರೆಸುವವಳು, ಆ ನೆಲದ ಮೇಲೆ ಕಾಲು ಚಾಚಿ ಕೂತಳು. ನಾವೂ ಕೂತೆವು. ಕೆಲಸಕ್ಕೆ ಬಂದ ಜನ ನಮ್ಮನ್ನು ದಾಟಿಕೊಂಡು ಹೋಗಬೇಕಾಯಿತು. ಕೆಲವರು ನಿಂತರು.

ಕಿಟಕಿಯ ಹೆಂಗಸು ತಲೆ ಹೊರಗೆ ಹಾಕಿದಳು. "ಎಷ್ಟು ಹೊತ್ತು ಕೂರ್ತೀರಿ ಹಿಂಗೆ?"

ಬಸ್ಸು ಹತ್ತಿದ ಮೇಲೆ ಮೊದಲ ಸಲ ಸಾವೆತಕ್ಕ ಗಾವ್ರಿಲಣ್ಣನ ಕಡೆಗೆ ತಿರುಗಿದಳು.

"ಅವನು ಎಷ್ಟು ಹೊತ್ತು ಕೂಗ್ದ? ಅವ್ರಿಗೆ ಹೇಳು."

ಗಾವ್ರಿಲಣ್ಣ ಏನೋ ಗೊಣಗಿದ. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ.

"ಎದ್ದು ಹೇಳು."

ಅವನು ಗೋಡೆ ಹಿಡಿದು ಎದ್ದ. ಮುಖ ಕೆಂಪಗಾಗಿತ್ತು. ಇಡೀ ಪಡಸಾಲೆಗೆ ಕೇಳುವ ಹಾಗೆ ಹೇಳಿದ.

"ಎರಡು ಪಾಳಿ ಅಮ್ಮ. ಎರಡು ಪಾಳಿ ಕೂಗ್ದ. ನಾವು ಕೆಲಸ ಮಾಡ್ತಾನೇ ಇದ್ವಿ. ಬರ್ಕೊಳ್ಳಿ."