ಭಾನುವಾರ ಸಂಜೆ ಅರಸೀಕೆರೆಗೆ ಮಳೆ

ಸ್ವಲ್ಪ ಕೂತು ಪೂರ್ತಿ ಕೇಳಿ, ಅರ್ಧಕ್ಕೇ ಎದ್ದು ಹೋಗಬೇಡಿ. ಅರುಣಾ ಮಾಡಿದ್ದು ಸರಿಯೋ ತಪ್ಪೋ ಆಮೇಲೆ ನೀವೇ ಹೇಳುವಿರಂತೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ, ಎರಡು ಸಾವಿರದ ಒಂದರ ಏಪ್ರಿಲ್ಲು. ಅರಸೀಕೆರೆಯ ಕೇಬಲ್ ಟೀವಿಯಲ್ಲಿ ಶುಕ್ರವಾರ ಸಂಜೆ ಊರ ಸುದ್ದಿ ಮುಗಿದ ಮೇಲೆ ಒಬ್ಬಳು ಹುಡುಗಿ ಬಂದು ಮುಂದಿನ ವಾರದ ಹವೆ ಹೇಳುತ್ತಿದ್ದಳು. ಅವಳೇ ಅರುಣಾ, ಕೊಬ್ಬರಿ ವ್ಯಾಪಾರದ ಇಂದುಧರಪ್ಪನವರ ಮಗಳು, ಬಿ.ಎಸ್ಸಿ. ಓದುತ್ತಿದ್ದವಳು.

ಬೆಳಿಗ್ಗೆ ರೇಡಿಯೋ, ಪೇಪರಿನಲ್ಲಿ ಬರುವ ಉಪಗ್ರಹದ ಚಿತ್ರ, ಮಧ್ಯಾಹ್ನ ಬೇಲೂರಿನ ರುದ್ರಮ್ಮ ದೊಡ್ಡಮ್ಮನಿಗೆ ಒಂದು ಫೋನು, ಇಷ್ಟೇ ಅವಳ ಬಂಡವಾಳ. ಬೇಸಿಗೆಯ ಮೋಡ ಬೇಲೂರಿನ ಮೇಲೆ ಕಟ್ಟಿ, ಹಳೇಬೀಡಿನ ಕೆರೆ ದಾಟಿ, ಸಂಜೆಗೆ ಅರಸೀಕೆರೆ ಮುಟ್ಟುತ್ತದೆ ಎಂದು ಅವಳೇ ಕಂಡುಕೊಂಡಿದ್ದಳು. ಯುಗಾದಿಯಿಂದೀಚೆಗೆ ಅವಳ ಮಾತು ಒಮ್ಮೆಯೂ ತಪ್ಪಿರಲಿಲ್ಲ. ಬೀದಿಯ ಹೆಂಗಸರು ಅವಳನ್ನು ಕೇಳದೆ ಸಂಡಿಗೆಗೆ ಹಿಟ್ಟು ಕಾಸುತ್ತಿರಲಿಲ್ಲ.

ಆ ಶುಕ್ರವಾರ ಅವಳಿಗೆ ಅನುಮಾನವೇ ಇರಲಿಲ್ಲ. ಗಾಳಿ ಸತ್ತುಹೋಗಿತ್ತು, ಸೆಕೆಗೆ ಮೈ ಅಂಟುತ್ತಿತ್ತು. ಭಾನುವಾರ ಸಂಜೆ ಮಳೆ, ನೂರಕ್ಕೆ ನೂರು. ತೊಡಕು ಇಷ್ಟೇ: ಬುಧವಾರ ಹಳೇಬೀಡಿನಲ್ಲಿ ಮದುವೆಯಾಗಿ ಬಂದಿದ್ದ ಅವಳ ಅಣ್ಣ ಶರತ್ಚಂದ್ರನ ಆರತಕ್ಷತೆ ಅದೇ ಭಾನುವಾರ ಸಂಜೆ, ಮನೆ ಮುಂದಿನ ಬಯಲಲ್ಲಿ, ಬಟ್ಟೆ ಶಾಮಿಯಾನದ ಕೆಳಗೆ.

"ಬೇಲೂರಿಗೆ ಎಷ್ಟು ಬೇಕೋ ಸುರಿಸಮ್ಮಾ," ಎಂದರು ಇಂದುಧರಪ್ಪ. "ಹಳೇಬೀಡಿಗೂ ಕೊಡು, ನಂದೇನೂ ಅಡ್ಡಿ ಇಲ್ಲ. ನಮ್ಮೂರಿಗೆ ಮಾತ್ರ ಬಿಸಿಲು ಅಂದ್ಬಿಡು."

"ಕೇಳಿದೋರಿಗೆ ಹಂಚೋಕೆ ಅದೇನು ಪ್ರಸಾದಾನಾ ಅಪ್ಪಾ?"

"ಮಳೆ ಅಂತ ನಿನ್ನ ಬಾಯಲ್ಲಿ ಬಂದ್ರೆ ಒಬ್ರೂ ಮನೆ ಬಿಟ್ಟು ಹೊರಡಲ್ಲ ಕಣೇ. ಮಾಡ್ಸಿದ ಒಬ್ಬಟ್ಟೆಲ್ಲ ನೀನೇ ತಿಂತೀಯಾ?"

ಅಪ್ಪನಿಗಾದರೆ ಉತ್ತರ ಕೊಡಬಹುದಿತ್ತು. ಚಪ್ಪಲಿ ಮೆಟ್ಟುವಾಗ ಹೊಸ ಅತ್ತಿಗೆ ಸರ್ವಮಂಗಳ ಮೆಲ್ಲಗೆ ಹಿಂದೆ ಬಂದಳು.

"ಅರುಣಾ, ಹಸಿ ಅಕ್ಕಿ ತಿಂದೋಳ ಮದುವೇಲಿ ಮಳೆ ಬರುತ್ತೆ ಅಂತ ಎಲ್ರೂ ಆಡ್ಕೋತಾರಲ್ಲ. ಈ ಊರಿಗೆ ನಾನು ಮೊನ್ನೆ ಮೊನ್ನೆ ಬಂದೋಳು. ನೀನು ಟೀವೀಲಿ ಹೇಳಿದ್ರೆ ಸಾಯೋವರೆಗೂ ನನ್ನನ್ನ ಅಕ್ಕಿ ಬುಕ್ಕಿ ಅಂತಾರೆ ಕಣೇ."

"ತಿಂದಿದ್ದೀರಾ ಅತ್ತಿಗೆ?"

"ಅದು ಬೇರೆ ವಿಷ್ಯ ಬಿಡು."

ಅರುಣಾಗೆ ನಗು ಬಂತು, ಆದರೆ ಅತ್ತಿಗೆಯ ಕಣ್ಣಲ್ಲಿ ನಗುವಿರಲಿಲ್ಲ. ಹೇಳದೆ ಬಿಟ್ಟರೇನು ಎಂದುಕೊಂಡೇ ಬೀದಿಗಿಳಿದಳು. ಅಲ್ಲಿ ಮನೆಮನೆಯ ಅಂಗಳದಲ್ಲೂ ಸುಲಿದು ಒಡೆದ ಕೊಬ್ಬರಿ ಗಿಟುಕುಗಳು ಬಿಸಿಲಿಗೆ ಹರಡಿದ್ದವು. ಒಂದು ಮಳೆಗೆ ನೆನೆದರೆ ಕಪ್ಪಿಡುತ್ತದೆ, ಆಮೇಲೆ ಯಾರೂ ಮುಟ್ಟುವುದಿಲ್ಲ. ಎದುರು ಮನೆಯ ಮಾದಮ್ಮ ಕೂಗಿದಳು:

"ಏನವ್ವಾ, ಭಾನ್ವಾರ ಹೊತ್ತು ಮುಳುಗೋಗಂಟ ಹರಡಬೋದಾ? ವರ್ಷವೆಲ್ಲ ಅಟ್ಟದ ಮ್ಯಾಲಿದ್ದ ಕಾಯಿ ಕಣವ್ವಾ. ನೀನು ಹೂಂ ಅಂದ್ರೆ ನಾನು ತೋಟದ ಕಡೀಕೆ ಹೋಯ್ತೀನಿ."

"ಟೀವಿ ನೋಡು ಮಾದಮ್ಮಾ," ಎಂದು ಅರುಣಾ ಬಿರಬಿರನೆ ನಡೆದಳು. ಅಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು.

ಕ್ಯಾಮೆರಾದ ಕೆಂಪು ದೀಪ ಹತ್ತಿತು. "ಭಾನುವಾರ ಮಧ್ಯಾಹ್ನ ಬೇಲೂರು, ಆಮೇಲೆ ಹಳೇಬೀಡು, ಸಂಜೆ ಅರಸೀಕೆರೆಗೆ ಗುಡುಗು ಮಳೆ. ಕೊಬ್ಬರಿ ಹರಡಿದವರು ಬಿಸಿಲಿರುವಾಗಲೇ ಒಳಗೆ ತುಂಬಿಕೊಳ್ಳಿ." ಅಲ್ಲಿಗೆ ನಿಲ್ಲಿಸಬೇಕಿತ್ತು. ಅವಳು ನಿಲ್ಲಿಸಲಿಲ್ಲ. "ಇನ್ನೊಂದು ವಿಷಯ. ಅದೇ ದಿನ ನಮ್ಮಣ್ಣ ಅತ್ತಿಗೆಯ ಆರತಕ್ಷತೆ ಸಂಜೆ ಇಲ್ಲ, ಮಧ್ಯಾಹ್ನಕ್ಕೇ ಇದೆ. ಮಳೆ ಬರೋ ಹೊತ್ತಿಗೆ ನೀವೆಲ್ಲ ಉಂಡು ಮನೆ ಸೇರಿರುತ್ತೀರಿ. ತಪ್ಪದೆ ಬನ್ನಿ."

ಯಾರನ್ನೂ ಕೇಳಿರಲಿಲ್ಲ!

ಮನೆಗೆ ಬರುವಷ್ಟರಲ್ಲಿ ಅಡಿಗೆ ಕೃಷ್ಣಪ್ಪ ಪಡಸಾಲೆಯಲ್ಲಿ ನಿಂತಿದ್ದ. "ಯಜಮಾನ್ರೇ, ಮಗಳು ಟೀವೀಲಿ ಹೇಳ್ಬಿಟ್ರೆ ಒಬ್ಬಟ್ಟು ತಾನಾಗೇ ಬೆಂದುಬಿಡ್ತದಾ?" ಇಂದುಧರಪ್ಪ ಮಗಳ ಕಡೆ ನೋಡಲೂ ಇಲ್ಲ, ಹಳೇಬೀಡಿನ ಬೀಗರಿಗೆ ಫೋನು ಹಚ್ಚಿ ಕೂತಿದ್ದರು.

ಭಾನುವಾರ ಮಧ್ಯಾಹ್ನ ಊರಿಗೆ ಊರೇ ಬಂತು, ಕರೆದವರೂ ಕರೆಯದವರೂ. ಶಾಮಿಯಾನದ ಬಾಗಿಲಿಂದ ಊಟದೆಲೆಯವರೆಗೆ ಸಾಲು. ಸರ್ವಮಂಗಳ ನಕ್ಕೂ ನಕ್ಕೂ ಸುಸ್ತಾದಳು. ಆಕಾಶ ಮಾತ್ರ ತೊಳೆದ ತಟ್ಟೆಯ ಹಾಗಿತ್ತು. ಕೈ ತೊಳೆಯುತ್ತಿದ್ದ ಒಬ್ಬರು ತಲೆಯೆತ್ತಿ, "ಎಲ್ಲಮ್ಮಾ ನಿನ್ನ ಮಳೆ, ಬಸ್ ತಪ್ಪಿಸ್ಕೊಂತಾ?" ಎಂದರು.

"ಸಂಜೆ ಅಂದಿದ್ದು ಸಾರ್. ಇನ್ನೂ ಹೊತ್ತಿದೆ," ಎಂದಳು ಅರುಣಾ.

ಸಂಜೆ ಬಂತು, ಮಳೆಯೂ ಬಂತು. ಮೊದಲು ಧೂಳು ಎದ್ದಿತು, ಶಾಮಿಯಾನ ಪಟಪಟ ಬಡಿಯಿತು, ಆಮೇಲೆ ಧೋ ಎಂದು ಸುರಿಯಿತು. ಬೀದಿಯ ಯಾವ ಅಂಗಳದಲ್ಲೂ ಒಂದು ಗಿಟುಕೂ ಇರಲಿಲ್ಲ. ಇಂದುಧರಪ್ಪ ಖಾಲಿ ಕುರ್ಚಿಗಳನ್ನು ಒಳಗೆ ಎಳೆಸುತ್ತಾ ಮಗಳ ಕಡೆ ತಿರುಗಿ, ಎರಡು ದಿನಗಳಲ್ಲಿ ಮೊದಲ ಸಲ ಮೀಸೆಯಲ್ಲೇ ನಕ್ಕರು.

ಆಗ ಬೀದಿಯ ತುದಿಯಲ್ಲಿ ಒಂದು ಗುಂಪು ಕಂಡಿತು. ಸೆರಗು, ಟವೆಲ್ಲು ತಲೆಗೆ ಹೊದ್ದು, ಪೂರ್ತಿ ನೆನೆದು ಬರುತ್ತಿದ್ದರು. ಮುಂದೆ ಸರ್ವಮಂಗಳಳ ತಾಯಿಯ ತಾಯಿ ಸಣ್ಣತಾಯಮ್ಮ. ಗಂಡಸಿ ಎಂಬ ಊರಿನ ಹತ್ತಿರದ ಹಳ್ಳಿಯವರು. ಅಲ್ಲಿಗೆ ಈ ಕೇಬಲ್ಲೂ ಇಲ್ಲ, ಅವರ ಮನೆಯಲ್ಲಿ ಫೋನೂ ಇಲ್ಲ. ಕರೆಯೋಲೆಯಲ್ಲಿ ಸಂಜೆ ಎಂದಿತ್ತು, ಸಂಜೆಗೇ ಬಂದಿದ್ದರು.

"ಏನವ್ವಾ ಮಂಗಳಾ, ಆರತಕ್ಷತೆ ಅಂದ್ರು. ಚಪ್ಪರದಾಗೆ ಒಂದು ನರಪಿಳ್ಳೆ ಇಲ್ಲ?"

ಸರ್ವಮಂಗಳ ಮಳೆಗೇ ಓಡಿ ಅಜ್ಜಿಯನ್ನು ತಬ್ಬಿ ಕರೆತಂದಳು. ಟವೆಲ್ಲು ಕೊಟ್ಟಳು, ಚಾಪೆ ಹಾಸಿದಳು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ಅರುಣಾಳನ್ನು ತಡೆದು, "ನಿನ್ನ ಟೀವಿ ಊರು ದಾಟಲ್ಲ ಅನ್ನೋದು ನಿಂಗೆ ಗೊತ್ತಿತ್ತಲ್ವಾ?" ಎಂದಳು. ಅರುಣಾ ಒಲೆ ಹಚ್ಚಿ ಅನ್ನಕ್ಕಿಟ್ಟಳು. ಬಿಸಿ ಸಾರು ಬಡಿಸುವಾಗ ಸರ್ವಮಂಗಳ ರೇಷ್ಮೆ ಸೀರೆ ಮತ್ತೆ ಉಟ್ಟು, ಗಂಡನನ್ನು ಎಳೆತಂದು ಅಜ್ಜಿಯ ಎದುರಿಗೆ ಕೂತಳು.

ಮಳೆ ಹೇಳಿದ್ದರ ಬಗ್ಗೆ ಅರುಣಾಗೆ ಇಂದಿಗೂ ಎಳ್ಳಷ್ಟೂ ಅಳುಕಿಲ್ಲ. ಹೊತ್ತು ಬದಲಿಸಿದ್ದೂ ಸರಿಯೇ ಎನ್ನುತ್ತಾಳೆ. ಕೇಳದೆ ಬದಲಿಸಿದ್ದು ಹೇಗೆ ಸರಿ ಎಂದು ಅತ್ತಿಗೆ ಈಗಲೂ ಜಗಳಕ್ಕೆ ನಿಲ್ಲುತ್ತಾಳೆ. ಈಗ ನೀವು ಹೇಳಿ, ಆ ಶುಕ್ರವಾರ ಕ್ಯಾಮೆರಾ ಮುಂದೆ ನೀವೇ ಕೂತಿದ್ದರೆ ಏನು ಮಾಡುತ್ತಿದ್ದಿರಿ?