ಈ ಹುಡುಗಿ ನಿಮಗೇನಾಗಬೇಕು?

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೆ ಬಡ್ತಿ ಸಿಕ್ಕಿತು. ಕಾಲೇಜು ಮುಗಿಸಿಕೊಂಡು ಎರಡು ಗಂಟೆಗೆ ಕೆಲಸದವಳಾಗಿ ಒಳಗೆ ಕಾಲಿಟ್ಟವಳು, ಐದು ಗಂಟೆಯ ಚಹಾದ ಹೊತ್ತಿಗೆ ಮನೆ ಮಗಳಾಗಿದ್ದೆ. "ಸಾರ್ ಗೀರ್ ಎಲ್ಲ ಬೇಡಮ್ಮ, ದೊಡ್ಡಪ್ಪ ಅನ್ನು. ನೀನು ನಮ್ಮನೆ ಮಗಳಿದ್ದ ಹಾಗೆ" ಎಂದರು ಯಜಮಾನರು. ನಾನು ಹಿಗ್ಗಿಹೋಗಿ ಅವರ ಚಹಾದ ಲೋಟವನ್ನೂ ತೊಳೆದಿಟ್ಟೆ. ಇಪ್ಪತ್ತು ವರ್ಷದವಳಿಗೆ ಬುದ್ಧಿ ಅಷ್ಟೇ ಇರುತ್ತದೆ.

ಮನೆ ಮಗಳು ಎಂದರೇನು ಎಂಬುದು ಮೊದಲ ಭಾನುವಾರವೇ ತಿಳಿಯಿತು. "ದೊಡ್ಡಪ್ಪ, ನಾಳೆ ರಜೆ ಅಲ್ವಾ?" ಎಂದು ಶನಿವಾರ ಕೇಳಿದೆ. ಅವರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ನಕ್ಕರು. "ರಜೆ ಕೆಲಸದವರಿಗಮ್ಮ. ಮನೆ ಮಗಳಿಗೆ ಎಂಥ ರಜೆ?" ಹಿಂದಿನ ಕೋಣೆಯಲ್ಲಿ ಯಂತ್ರದಲ್ಲಿ ಕನ್ನಡಕದ ಗಾಜು ಉಜ್ಜುವ ಮೇಸ್ತ್ರಿ ಕೆಲಸದವನಾದ್ದರಿಂದ ಅವನಿಗೆ ಭಾನುವಾರ ರಜೆ. ಅವನು ಇಲ್ಲದ ದಿನ ಹಿಂದಿನ ಕೋಣೆ ಗುಡಿಸುವುದು ಮಗಳ ಪಾಲಿಗೆ ಬಂತು.

ಅಂಗಡಿಯ ಮೇಲೆಯೇ ಅವರ ಮನೆ. ಹಿಂದಿನ ಕೋಣೆಯಿಂದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಅಡುಗೆಮನೆ. ಅಲ್ಲಿಂದ ದೊಡ್ಡಮ್ಮ, ಅಂದರೆ ಯಜಮಾನರ ಹೆಂಡತಿ, ದಿನಕ್ಕೆ ಏಳೆಂಟು ಸಲ "ಪುಟ್ಟೀ" ಎಂದು ಕೂಗುತ್ತಿದ್ದರು. ಗ್ಯಾಸಿನವನು ಬಂದರೆ ಪುಟ್ಟಿ, ಟಿವಿಯಲ್ಲಿ ಶಬ್ದ ಬರದಿದ್ದರೆ ಪುಟ್ಟಿ. ತಲೆಗೆ ಬಣ್ಣ ಹಚ್ಚಿಕೊಳ್ಳುವಾಗ ಹಿಂಭಾಗ ಕಾಣುವುದಿಲ್ಲವಾದ್ದರಿಂದ ಅದಕ್ಕೂ ಪುಟ್ಟಿ. ಗಿರಾಕಿಯ ಎರಡು ಪಾಪೆಗಳ ನಡುವಿನ ಅಂತರ ಅಳೆಯಲು ನಾನು ಅವರ ಮೂಗಿನ ಮೇಲೆ ಸ್ಕೇಲ್ ಇಟ್ಟು ಉಸಿರು ಬಿಗಿ ಹಿಡಿದು ನಿಂತಿರುತ್ತಿದ್ದೆ. ಆಗಲೇ ಮೇಲಿಂದ "ಪುಟ್ಟೀ, ಉಪ್ಪಿನ ಡಬ್ಬಿ ಎಲ್ಲಿಟ್ಟೆ?" ಎಂದು ಬರುತ್ತಿತ್ತು. ಗಿರಾಕಿಯ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಅಳತೆ ಮತ್ತೆ ಮೊದಲಿಂದ.

ಮನೆಗೆ ಬಂದು ಅಮ್ಮನ ಹತ್ತಿರ ಗೋಳು ತೋಡಿಕೊಂಡರೆ ಅವಳು ಹೊಲಿಗೆ ಯಂತ್ರ ನಿಲ್ಲಿಸುತ್ತಲೂ ಇರಲಿಲ್ಲ. ಈ ಕೆಲಸ ಕೊಡಿಸಿದ್ದೇ ಅವಳು. ದೊಡ್ಡಮ್ಮನ ಬಟ್ಟೆ ಹೊಲಿದು ಕೊಡಲು ಹೋದಾಗ ಅದೂ ಇದೂ ಮಾತಾಡುತ್ತಾ ನನ್ನನ್ನೂ ಅಳತೆ ಹಾಕಿ ಕೊಟ್ಟು ಬಂದಿದ್ದಳು.

"ಸ್ವಂತ ಮಗಳ ಥರ ನೋಡ್ಕೋತಾರೆ ಕಣೇ. ಈ ಕಾಲದಲ್ಲಿ ಯಾರಿಗೆ ಸಿಗುತ್ತೆ?"

"ಅಮ್ಮಾ, ನಿನಗೊಬ್ಬಳಿಗೆ ಮಗಳಾಗಿರೋದ್ರಲ್ಲೇ ನನಗೆ ಸಾಕಾಗಿ ಹೋಗಿದೆ. ಇನ್ನೊಂದು ಮನೆದು ಬೇರೆ ಯಾಕೆ?"

"ನಾಲಿಗೆ ನೋಡು ಇವಳದು" ಎಂದು ಅಮ್ಮ ದಾರವನ್ನು ಹಲ್ಲಿನಿಂದ ಕತ್ತರಿಸುತ್ತಿದ್ದಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನಡುವೆ ಒಮ್ಮೆ ಅವರ ನಿಜವಾದ ಮಗಳು ಬಂದು ಹತ್ತು ದಿನ ಇದ್ದಳು. ಬೆಳಿಗ್ಗೆ ಹತ್ತಕ್ಕೆ ಏಳುತ್ತಿದ್ದಳಂತೆ. ಸಂಜೆ ಕೆಳಗಿಳಿದು ಬಂದು ನಾನು ಆಗ ತಾನೇ ಒರೆಸಿಟ್ಟ ಫ್ರೇಮುಗಳನ್ನು ಒಂದೊಂದಾಗಿ ಮೂಗಿಗೇರಿಸಿ, ಕನ್ನಡಿ ನೋಡಿ, ಬೆರಳಚ್ಚು ಮೂಡಿಸಿ ವಾಪಸು ಇಡುತ್ತಿದ್ದಳು. ಒಂದು ದಿನ ಅಂಗಡಿ ತುಂಬ ಜನ. ಪಾಪ, ಅವಳೇ ಕೌಂಟರಿನ ಹಿಂದೆ ಬಂದು "ನಾನೂ ಒಂದು ಕೈ ಹಾಕ್ಲಾ ಅಪ್ಪಾ?" ಎಂದಳು. ಯಜಮಾನರು ಗಾಬರಿಯಾದರು. "ಛೇ ಛೇ, ಮಗಳ ಕೈಲಿ ಕೆಲಸ ಮಾಡಿಸ್ತಾರೇನಮ್ಮ? ನೀನು ಮೇಲೆ ಹೋಗು." ಆಮೇಲೆ ನನ್ನ ಕಡೆ ತಿರುಗಿ "ಪುಟ್ಟಿ, ಅಕ್ಕಂಗೆ ಚಹಾ ಕೊಟ್ಟು ಬಾ" ಎಂದರು. ಅದರಲ್ಲಿ ನಗುವಂಥದ್ದೇನಾದರೂ ಇದೆ ಎಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಹಿಂದಿನ ಕೋಣೆಯಲ್ಲಿ ಮೇಸ್ತ್ರಿ ಮಾತ್ರ ಕೆಮ್ಮಿದ.

ಇಷ್ಟಾದರೂ ನಾನು ಬಿಟ್ಟು ಹೋಗಲಿಲ್ಲ, ಯಾಕೆಂದರೆ ಕೆಲಸ ನನಗೆ ಒಗ್ಗಿತ್ತು. ಯಾವ ಮುಖಕ್ಕೆ ಯಾವ ಫ್ರೇಮು, ಯಾವ ಪವರಿಗೆ ಎಷ್ಟು ದಪ್ಪ ಗಾಜು ಎಲ್ಲವೂ ಬಂದಿತ್ತು. ಪೇಪರನ್ನು ಮಾರುದೂರ ಹಿಡಿದು "ನಂಗೆ ಕನ್ನಡಕ ಬೇಡ, ಹೆಂಡ್ತಿ ಬಲವಂತಕ್ಕೆ ಬಂದೆ" ಎನ್ನುವ ಗಂಡಸರನ್ನು ಹದಕ್ಕೆ ತರುವುದರಲ್ಲಿ ನನ್ನನ್ನು ಬಿಟ್ಟರಿಲ್ಲ. ಕಲಿಸಿದವರು ಯಜಮಾನರೇ. ಅದನ್ನು ಇಲ್ಲ ಎಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಮೂರನೇ ತಿಂಗಳಲ್ಲಿ ಒಬ್ಬ ವಕೀಲರ ಹಳೆಯ ಫ್ರೇಮನ್ನು ಬಿಸಿಗಾಳಿಯ ಯಂತ್ರದ ಮುಂದೆ ಹಿಡಿದು ಕಡ್ಡಿ ಬಗ್ಗಿಸಲು ಹೋಗಿ ಲಟಕ್ಕನೆ ಮುರಿದುಬಿಟ್ಟೆ. ವಕೀಲರು ಕೂಗಾಡಿದರು. ಯಜಮಾನರು ನನ್ನ ಕೈಯಿಂದ ತುಂಡು ತೆಗೆದುಕೊಂಡು "ಮುರಿದದ್ದು ನಾನು ಸಾರ್. ಹುಡುಗಿ ಸುಮ್ಮನೆ ಹಿಡ್ಕೊಂಡಿದ್ಲು" ಎಂದರು. ವಕೀಲರು ಹೋದ ಮೇಲೂ ನನಗೆ ಒಂದು ಮಾತು ಬೈಯಲಿಲ್ಲ. ಹೀಗೆ ಮಾಡುವವರ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ ನೋಡಿ. ಅದೇ ದೊಡ್ಡ ತಲೆನೋವು.

ವರ್ಷ ತುಂಬುವ ಹೊತ್ತಿಗೆ ನನ್ನ ಡಿಗ್ರಿ ಮುಗಿಯಿತು. ಅದೇ ವಾರ ಕಣ್ಣಿನ ಆಸ್ಪತ್ರೆಯ ಕನ್ನಡಕ ವಿಭಾಗಕ್ಕೆ ಜನ ಬೇಕು ಎಂಬ ಜಾಹೀರಾತು ಬಂತು. ಪೂರ್ತಿ ಹೊತ್ತಿನ ಕೆಲಸ, ವಾರಕ್ಕೊಂದು ರಜೆ, ಮೇಲೆ ಆಸ್ಪತ್ರೆಯವರೇ ಮುಂದೆ ಓದಿಸುತ್ತಾರೆ. ನನಗೆ ಹೇಳಿ ಮಾಡಿಸಿದ ಹಾಗಿತ್ತು. ಬೇಕಾದದ್ದು ಒಂದೇ, ಒಂದು ವರ್ಷದ ಅನುಭವ ಪತ್ರ. ಆ ಒಂದು ಹಾಳೆ ಸಿಕ್ಕರೆ ಕೆಲಸ, ಇಲ್ಲದಿದ್ದರೆ ಇಲ್ಲ.

"ಅನುಭವ ಪತ್ರನಾ?" ಎಂದರು ಯಜಮಾನರು, ನಾನೇನೋ ಅವರ ಕಿಡ್ನಿ ಕೇಳಿದಂತೆ. "ಮನೆ ಮಗಳಿಗೆ ಯಾವ ಪತ್ರನಮ್ಮ? ನಾನೇ ಬಂದು ಹೇಳ್ತೀನಿ ಬೇಕಾದ್ರೆ."

"ನೀವು ಬರೋದು ಬೇಡ ದೊಡ್ಡಪ್ಪ, ಪತ್ರ ಬಂದ್ರೆ ಸಾಕು."

"ಆಯ್ತು, ಬರೆದ್ರಾಯ್ತು."

ಬರೆದರಾಯ್ತು ಎನ್ನುವುದರಲ್ಲೇ ಇಪ್ಪತ್ತು ದಿನ ಕಳೆದವು. ಒಂದು ದಿನ ಲೆಟರ್‌ಹೆಡ್ ಮುಗಿದಿತ್ತು. ಇನ್ನೊಂದು ದಿನ ಸೀಲು ಸಿಗಲಿಲ್ಲ, ಮರುದಿನ ಸೀಲು ಸಿಕ್ಕಿತು, ಇಂಕು ಒಣಗಿತ್ತು. ನಾನೇ ಟೈಪು ಮಾಡಿಸಿ ತರುತ್ತೇನೆ, ಸಹಿ ಹಾಕಿ ಸಾಕು ಎಂದರೆ ಅವರಿಗೆ ಅವಮಾನವಾಯಿತು. "ನಮ್ಮ ಹುಡುಗಿ ವಿಷಯ ಬೇರೆಯವರು ಟೈಪು ಮಾಡೋದೇನು? ನಾನೇ ಕೈಯಾರೆ ಬರೀತೀನಿ." ಸಂದರ್ಶನದ ಹಿಂದಿನ ಸಂಜೆ ಅಂತೂ ಒಂದು ಲಕೋಟೆ ಕೊಟ್ಟರು. ಅಂಚಿಗೆ ಗೋಂದು ಬಳಿದು, ಅದರ ಮೇಲೆ ಸೀಲು ಒತ್ತಿ ಭದ್ರ ಮಾಡಿದ್ದರು.

"ಓದಬಾರದಾ ದೊಡ್ಡಪ್ಪ?"

"ಹೊಗಳಿದ್ದನ್ನ ತಾನೇ ಓದ್ಕೊಂಡ್ರೆ ದೃಷ್ಟಿಯಾಗುತ್ತೆ. ಅವರೇ ಒಡೀಲಿ" ಎಂದರು. ಮುಖ ಹಿಗ್ಗಿತ್ತು. ಅಲ್ಲೇ ಹರಿದು ಓದಬೇಕಿತ್ತು ನಾನು. ಆ ಮುಖ ನೋಡಿ ಮನಸ್ಸು ಬರಲಿಲ್ಲ.

ಆಸ್ಪತ್ರೆಯಲ್ಲಿ ಸಂದರ್ಶನ ಮಾಡಿದ ಮೇಡಂ ಕೆಲಸಕ್ಕೆ ಸಂಬಂಧಿಸಿದ್ದನ್ನೆಲ್ಲ ಮೊದಲು ಕೇಳಿದರು. ಒಂದು ಚೀಟಿ ಕೊಟ್ಟು ಪವರ್ ಓದಿಸಿದರು, ಅವರದೇ ಕನ್ನಡಕ ತೆಗೆದು ಸರಿಮಾಡಲು ಕೊಟ್ಟರು. ಎಡಗಿವಿಯ ಹಿಂದೆ ಕಡ್ಡಿ ಒತ್ತಿ ಕೆಂಪಗೆ ಗೆರೆಯಾಗಿತ್ತು. ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟೆ. ಅವರು ತಲೆ ಆಡಿಸಿ ನೋಡಿ "ಎಷ್ಟು ಹಾಯಾಗಿದೆ" ಎಂದರು. ಕೆಲಸ ಸಿಕ್ಕೇಬಿಟ್ಟಿತು ಎಂದುಕೊಂಡೆ. ಆಮೇಲೆ ಲಕೋಟೆ ಒಡೆದರು.

ಓದುತ್ತಾ ಓದುತ್ತಾ ಅವರ ಹುಬ್ಬು ಗಂಟಿಕ್ಕಿತು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ದುಂಡಗಿನ ಅಕ್ಷರದಲ್ಲಿ ಪುಟ ತುಂಬ ಬರೆದಿತ್ತು. 'ಈಕೆ ನಮ್ಮ ಮನೆಯ ಮಗಳು. ಗುಣದಲ್ಲಿ ಬಂಗಾರ. ಹಿರಿಯರನ್ನು ಕಂಡರೆ ಗೌರವ. ನನ್ನ ಹೆಂಡತಿಗೆ ಇವಳಿಲ್ಲದೆ ಒಂದು ಗಳಿಗೆಯೂ ನಡೆಯುವುದಿಲ್ಲ. ಇವಳು ಕಾಲಿಟ್ಟ ಮನೆ ಬೆಳಗುತ್ತದೆ.' ಕೊನೆಯ ತನಕ ಹುಡುಕಿದೆ. ಕನ್ನಡಕ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಮದುವೆಗೆ ಹೆಣ್ಣು ನೋಡುವವರಿಗೆ ಕೊಡುವ ಪತ್ರ ಅದು.

"ನೋಡಮ್ಮ, ಸ್ವಂತ ಅಂಗಡಿ ಅನುಭವ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ಅಪ್ಪಂದಿರು ಏನು ಬೇಕಾದ್ರೂ ಬರೆದು ಕೊಡ್ತಾರೆ" ಎಂದರು ಮೇಡಂ.

"ನಾನು ಅವರ ಮಗಳಲ್ಲ ಮೇಡಂ! ಅವರು ಎಲ್ಲರಿಗೂ ಹಾಗೇ ಹೇಳೋದು. ಫೋನ್ ಮಾಡಿ ಕೇಳಿ, ಈಗಲೇ ಕೇಳಿ."

ಮೇಡಂ ಲೆಟರ್‌ಹೆಡ್ಡಿನ ನಂಬರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ತಾವು ಯಾರು ಎಂದು ಹೇಳಿ, ನನ್ನ ವಿಷಯ ತೆಗೆದು ಕೇಳಿದರು. "ಈ ಹುಡುಗಿ ನಿಮಗೇನಾಗಬೇಕು?"

"ಏನಾಗಬೇಕು ಅಂತ ಕೇಳ್ತೀರಲ್ಲ ಮೇಡಂ! ಮಗಳು!" ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು.

"ಸ್ವಂತ ಮಗಳಾ?"

"ಸ್ವಂತಕ್ಕಿಂತ ಒಂದು ಕೈ ಹೆಚ್ಚೇ ಅನ್ನಿ."

ಮೇಡಂ ನನ್ನ ಮುಖ ನೋಡಿದರು. ನನ್ನ ಅರ್ಜಿಯ ಮೂಲೆಯಲ್ಲಿ ಏನೋ ಬರೆಯಲು ಪೆನ್ನು ಎತ್ತಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷ ದುಡಿದದ್ದು, ಬಿಟ್ಟುಕೊಟ್ಟ ಭಾನುವಾರಗಳು, ಹತ್ತಿ ಇಳಿದ ಆ ಹದಿನಾಲ್ಕು ಮೆಟ್ಟಿಲು, ಎಲ್ಲ ಆ ಒಂದು ಪದದಲ್ಲಿ ಕೊಚ್ಚಿಕೊಂಡು ಹೋಗುತ್ತಿತ್ತು. ಮೇಜಿನ ಮೇಲೆ ಬಗ್ಗಿ ಫೋನಿನೊಳಕ್ಕೇ ಕೂಗಿದೆ.

"ಸಾರ್! ನಾನು ನಿಮ್ಮ ಮಗಳಲ್ಲ! ನಿಮ್ಮ ಅಂಗಡಿ ಕೆಲಸದವಳು. ದಯವಿಟ್ಟು ಅದನ್ನ ಹೇಳಿ ಸಾರ್. ಮಗಳು ಅಂದ್ರೆ ನನಗೆ ಕೆಲಸ ಸಿಗಲ್ಲ. ಮಗಳಲ್ಲ ಅಂತ ಹೇಳಿ!"

ಆ ಕಡೆ ಅಂಗಡಿಯ ಫ್ಯಾನು ತಿರುಗುವುದು ಕೇಳುತ್ತಿತ್ತು. ಹಿಂದೆ ಮೇಸ್ತ್ರಿಯ ಯಂತ್ರ ನಿಂತಿತು. ಸ್ಪೀಕರಿನಲ್ಲಿ ಅವರು ಗಂಟಲು ಸರಿಮಾಡಿಕೊಂಡರು.

"ಹೌದು ಮೇಡಂ. ಅವರು ನಮಗೆ ಏನೂ ಆಗಬೇಕಾಗಿಲ್ಲ" ಎಂದರು. "ನಮ್ಮಲ್ಲಿ ಕೆಲಸಕ್ಕಿದ್ದಾರೆ. ಹನ್ನೆರಡು ತಿಂಗಳು ಒಂಬತ್ತು ದಿನ. ದಿನಕ್ಕೆ ಆರು ಗಂಟೆ, ಭಾನುವಾರ ಎಂಟು. ಪಾಪೆ ಅಳತೆ ತಪ್ಪಿಲ್ಲ, ಒಂದು ಕನ್ನಡಕನೂ ಅವರ ಅಳತೆಯಿಂದ ವಾಪಸ್ ಬಂದಿಲ್ಲ. ಚಿಕ್ಕ ಮಕ್ಕಳಿಗೆ ಫ್ರೇಮ್ ಕೂರಿಸೋದು ನನಗಿಂತ ಚೆನ್ನಾಗಿ ಬರುತ್ತೆ. ಬೈಫೋಕಲ್ ಗೆರೆ ಎಲ್ಲಿ ಬರ್ಬೇಕು ಅಂತ ಮೇಸ್ತ್ರಿಯೇ ಅವರನ್ನ ಕೇಳ್ತಾನೆ. ರಜೆ ತಗೊಂಡಿದ್ದು ನಾಲ್ಕು ದಿನ, ನಾಲ್ಕೂ ಪರೀಕ್ಷೆಗೆ. ಬೇರೆ ಏನಾದ್ರೂ ಬೇಕಾ ಮೇಡಂ?"

"ಇಷ್ಟು ಸಾಕು ಸಾರ್" ಎಂದು ಮೇಡಂ ಬರೆದುಕೊಂಡರು. ಪ್ರತಿಯೊಂದೂ ಗೊತ್ತಿತ್ತು ಆ ಮನುಷ್ಯನಿಗೆ! ಭಾನುವಾರದ ಎಂಟು ಗಂಟೆಯೂ ಗೊತ್ತಿತ್ತು! ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮೇಡಂ ಮುಂದಿನ ತಿಂಗಳ ಒಂದನೇ ತಾರೀಕಿಗೆ ಬಂದು ಸೇರಲು ಹೇಳಿದರು.

ಮರುದಿನ ಎರಡು ಗಂಟೆಗೆ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮೊದಲು ಕ್ಷಮೆ, ಆಮೇಲೆ ಸ್ವಲ್ಪ ಜಗಳ, ಕೊನೆಗೆ ಕಾಲಿಗೆ ನಮಸ್ಕಾರ. ಯಜಮಾನರು ಕೌಂಟರಿನ ಹಿಂದೆ ಕೂತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತರು. ಅವರು ನನ್ನನ್ನು ಕಂಡು ಎದ್ದದ್ದು ಅದೇ ಮೊದಲು.

"ಬನ್ನಿ" ಎಂದರು. "ಕೆಲಸ ಆಯ್ತಂತೆ. ಸಂತೋಷ."

"ದೊಡ್ಡಪ್ಪ, ನಾನು ನಿನ್ನೆ..."

"ಕೂತ್ಕೊಳ್ಳಿ. ಇದನ್ನ ಇಟ್ಕೊಳ್ಳಿ, ಮುಂದೆ ಎಲ್ಲಾದ್ರೂ ಬೇಕಾಗುತ್ತೆ." ಒಂದು ಹಾಳೆ ಮುಂದೆ ಸರಿಸಿದರು. ಟೈಪು ಮಾಡಿಸಿದ ಪತ್ರ, ಫೋನಿನಲ್ಲಿ ಹೇಳಿದ್ದೆಲ್ಲ ಅದರಲ್ಲಿತ್ತು. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಲಕೋಟೆ ಅಂಟಿಸಿರಲಿಲ್ಲ. "ಓದಿ ನೋಡಿ. ತಪ್ಪಿದ್ರೆ ಹೇಳಿ, ತಿದ್ದಿಸ್ತೀನಿ."

ಓದಿದೆ. ತಪ್ಪೇನೂ ಇರಲಿಲ್ಲ. ಬೈಯಲಿ, ಮುಖ ತಿರುಗಿಸಲಿ, ಅಮ್ಮನಿಗೆ ಚಾಡಿ ಹೇಳಲಿ, ಏನಾದರೂ ಮಾಡಲಿ ಎಂದು ಕಾದೆ. ಅವರು ಡಬ್ಬಿಯಿಂದ ಪುಟಾಣಿ ಸ್ಕ್ರೂ ಹೆಕ್ಕುತ್ತಾ ಕೂತರು. ಅಷ್ಟರಲ್ಲಿ ಮೇಲಿಂದ ಕೂಗು ಬಂತು.

"ಪುಟ್ಟೀ! ಬಂದ್ಯಾ? ಸ್ವಲ್ಪ ಮೇಲೆ ಬಾ, ಟಿವಿ ಮತ್ತೆ ಕೆಟ್ಟಿದೆ!"

ನಾನು ಆಗಲೇ ಅರ್ಧ ಎದ್ದಿದ್ದೆ.

"ಅವರನ್ನ ಕರೀಬೇಡ" ಎಂದು ಯಜಮಾನರು ಮೇಲಕ್ಕೆ ಮುಖ ಮಾಡಿ ಕೂಗಿದರು. "ಅದು ಅವರ ಕೆಲಸ ಅಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ನಾಳೆ ಭಾನುವಾರ, ನಿಮಗೆ ರಜೆ ಎಂದರು.