ಒಳಗಿರುವವರಿಗೆ ಓದಿ ಹೇಳಿ

ನನ್ನ ಸೊಸೆಗೆ ಬೀಗಗಳ ಬಗ್ಗೆ ಬರೆಯುವ ಕೆಲಸ. ಯಾರಾದರೂ ಕೇಳಿದರೆ ಹೀಗೆಂದೇ ಹೇಳುತ್ತೇನೆ. ಅವರು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳುತ್ತಾರೆ, ನಾನೂ ಇನ್ನೊಮ್ಮೆ ಹೇಳುತ್ತೇನೆ. ಮುಖ್ಯ ರಸ್ತೆಯ ತಿರುವಿನಲ್ಲಿ ಬೀಗ, ಚಿಲಕ, ಬಾಗಿಲ ಹಿಡಿ ಮಾರುವ ಅಂಗಡಿಯಿದೆ. ಅದರ ಯಜಮಾನ ಎಲ್ಲರ ಹಾಗೆ ಒಂದು ವೆಬ್‌ಸೈಟ್ ಮಾಡಿಸಿಕೊಂಡ. ವೆಬ್‌ಸೈಟ್ ಇದ್ದರೆ ಸಾಲದಂತೆ, ಅಲ್ಲಿಗೆ ಜನ ಬರಬೇಕಂತೆ. ಜನ ಬರಬೇಕಾದರೆ ಅವರು ಇಂಟರ್ನೆಟ್ಟಿನಲ್ಲಿ ಹುಡುಕುವ ಪ್ರಶ್ನೆಗಳಿಗೆಲ್ಲ ಅಲ್ಲಿ ಲೇಖನಗಳಿರಬೇಕಂತೆ. ಆ ಲೇಖನಗಳನ್ನು ನಮ್ಮ ಊಟದ ಮೇಜಿನ ಒಂದು ತುದಿಯಲ್ಲಿ ಕೂತು ಸೊಸೆ ಬರೆಯುತ್ತಾಳೆ.

ಇನ್ನೊಂದು ತುದಿಯಲ್ಲಿ ನಾನು ತರಕಾರಿ ಹೆಚ್ಚುತ್ತೇನೆ. "ಅತ್ತೆ, ಚಿಲಕಕ್ಕೆ ಇನ್ನೊಂದು ಹೆಸ್ರು ಹೇಳಿ" ಎನ್ನುತ್ತಾಳೆ. "ಅಗುಳಿ" ಎನ್ನುತ್ತೇನೆ. ಅವಳು ಟಪಟಪ ಬಡಿಯುತ್ತಾಳೆ. ಮಗ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ನಮ್ಮವರಂತೂ ಮಾತಾಡಿದರೆ ಮುತ್ತು ಉದುರೀತು ಎನ್ನುವ ಜಾತಿ. ಹಾಗಾಗಿ ಹಗಲೆಲ್ಲ ನನಗೆ ಮಾತಿಗೆ ಸಿಗುವವಳು ಅವಳೊಬ್ಬಳೇ. ಅವಳು ಮನೆಯಲ್ಲಿ ಕೂತು ಕೆಲಸ ಮಾಡುವುದು ನನಗೆ ಎಷ್ಟು ಇಷ್ಟ ಎಂದು ಅವಳಿಗೆ ಎಂದೂ ಹೇಳಿರಲಿಲ್ಲ. ಹೇಳಿದರೆ ತಲೆ ಮೇಲೆ ಕೂತಾಳು ಎಂದು ಸುಮ್ಮನಿದ್ದೆ.

ಆದರೆ ಅವಳ ಲೇಖನಗಳು ನನಗೆ ಹಿಡಿಸುತ್ತಿರಲಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು. ಊರಿಂದೂರಿಗೆ ಕರೆ ಜೋಡಿಸಿಕೊಟ್ಟು, ಮೂರು ನಿಮಿಷವಾಯಿತೆಂದರೆ ನಡುವೆ ಬಾಯಿ ಹಾಕಿ ನೆನಪಿಸುತ್ತಿದ್ದೆ. ಹೇಳಬೇಕಾದ್ದನ್ನು ಹೇಳಿ ಮುಗಿಸದೆ ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸೊಸೆಯ ಲೇಖನವೊಂದು ಹೀಗೆ ಶುರುವಾಗುತ್ತಿತ್ತು: "ಬಾಗಿಲು ಮನುಷ್ಯನ ಬದುಕಿನ ಅವಿಭಾಜ್ಯ ಅಂಗ. ಇಂದಿನ ವೇಗದ ಯುಗದಲ್ಲಿ ಬಾತ್‌ರೂಮ್ ಬಾಗಿಲು ಲಾಕ್ ಆದರೆ ಏನು ಮಾಡಬೇಕು ಎಂಬ ಪ್ರಶ್ನೆ ಎಲ್ಲರನ್ನೂ ಒಮ್ಮೆಯಾದರೂ ಕಾಡಿರುತ್ತದೆ." ಅಷ್ಟು ಓದಿ ಫೋನು ಕೆಳಗಿಟ್ಟೆ.

"ಏನ್ ಮಾಡ್ಬೇಕು ಅಂತ ಹೇಳೋದು ಬಿಟ್ಟು ಇದೇನೇ ಪುರಾಣ?" ಎಂದೆ.

"ಉತ್ತರ ಕೊನೇಲಿದೆ ಅತ್ತೆ. ಮೇಲೇ ಹೇಳ್ಬಿಟ್ರೆ ಜನ ಓದಿ ಹೊರಟೋಗ್ತಾರೆ. ಪೇಜಲ್ಲಿ ಜಾಸ್ತಿ ಹೊತ್ತು ಇರ್ಬೇಕು ಅಂತಾರೆ ಯಜಮಾನ್ರು."

"ಬಾತ್‌ರೂಮಲ್ಲಿ ಸಿಕ್ಕಾಕ್ಕೊಂಡೋರು ಓದ್ತಾ ಕೂರ್ತಾರಾ?"

"ನನ್ನನ್ನ ಕೇಳಿದ್ರೆ? ಅವ್ರು ಹೇಳ್ತಾರೆ, ನಾನು ಬರೀತೀನಿ" ಎಂದು ಅವಳು ಮುಖ ಊದಿಸಿಕೊಂಡಳು. ಎರಡು ದಿನ ಅಗುಳಿಯೂ ಇಲ್ಲ, ಚಿಲಕವೂ ಇಲ್ಲ.

ಇದೇ ಲೇಖನದ ಮೇಲೆ ಅವಳ ಕೆಲಸ ನಿಂತಿತ್ತು. ಅಂಗಡಿಯ ಯಜಮಾನ ಕೈಚೆಲ್ಲುವ ಹಂತಕ್ಕೆ ಬಂದಿದ್ದ. ತಿಂಗಳ ಕೊನೆಯೊಳಗೆ ಈ ಒಂದು ಲೇಖನವಾದರೂ ಹುಡುಕಾಟದ ಮೊದಲ ಪುಟಕ್ಕೆ ಬರದಿದ್ದರೆ ಲೇಖನಗಳ ಸಹವಾಸವೇ ಬೇಡ ಎಂದುಬಿಟ್ಟಿದ್ದ. ಲೇಖನವೋ ಮೂರನೇ ಪುಟದಲ್ಲಿ ಬೇರು ಬಿಟ್ಟಿತ್ತು. "ಎರಡನೇ ಪುಟಕ್ಕೇ ಯಾರೂ ಹೋಗಲ್ಲ ಅತ್ತೆ, ಇನ್ನು ಮೂರನೇದು ಸ್ಮಶಾನ" ಎನ್ನುತ್ತಿದ್ದಳು. ಈ ಕೆಲಸ ಹೋದರೆ ಊರಿನ ಆ ತುದಿಯ ಕಚೇರಿಯೊಂದು ಅವಳನ್ನು ಕರೆಯುತ್ತಿತ್ತು. ಎರಡು ಬಸ್ಸು ಹತ್ತಿ ಇಳಿಯಬೇಕು, ಬೆಳಿಗ್ಗೆ ಹೋದರೆ ಕತ್ತಲಿಗೆ ಬರಬೇಕು. ಮೇಜಿನ ಆ ತುದಿ ಖಾಲಿಯಾಗುವುದನ್ನು ನೆನೆಯಲೂ ನನಗೆ ಇಷ್ಟವಿರಲಿಲ್ಲ.

ನಮ್ಮವರು ಮಾತ್ರ ಅವಳು ಬರೆದು ಫೋನಿಗೆ ಕಳಿಸಿದ್ದನ್ನೆಲ್ಲ ಓದುತ್ತಿದ್ದರು. ನಕ್ಷೆ ಬಿಡಿಸುವ ಕಚೇರಿಯಲ್ಲಿ ಬದುಕೆಲ್ಲ ಗೆರೆ ಎಳೆದವರು, ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ. ಕನ್ನಡಕ ಏರಿಸಿಕೊಂಡು ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಓದಿ, ಎರಡು ತಪ್ಪು ತೋರಿಸಿ, ತುಟಿ ಪಿಟಕ್ಕೆನ್ನದೆ ಎದ್ದುಹೋಗುತ್ತಿದ್ದರು.

ತಿಂಗಳು ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಸೊಸೆ, ಇನ್ನಷ್ಟು ಸಮಯ ಕೇಳಿ ನೋಡುತ್ತೇನೆಂದು ಅಂಗಡಿಗೆ ಹೋದಳು. ನಾನು ಸ್ನಾನ ಮುಗಿಸಿ, ಒದ್ದೆ ಕೈಯಲ್ಲೇ ಬಟ್ಟೆ ಹಾಕಿಕೊಂಡು, ಹೊರಡಲು ಬಾಗಿಲ ಹಿಡಿ ತಿರುಗಿಸಿದೆ. ಅದು ಅಲುಗಲಿಲ್ಲ. ನಡುವಿನ ಗುಂಡಿ ಹೇಗೋ ಒತ್ತಿಹೋಗಿ ಒಳಗೇ ಕಚ್ಚಿಕೊಂಡಿತ್ತು. ಟವೆಲು ಸುತ್ತಿ ತಿರುಗಿಸಿದೆ, ಎರಡೂ ಕೈಯಲ್ಲಿ ಜಗ್ಗಿದೆ. ಊಹೂಂ.

ಇಲ್ಲಿ ಒಂದು ಮಾತು ಹೇಳಬೇಕು. ಮುಚ್ಚಿದ ಜಾಗವೆಂದರೆ ನನಗೆ ಆಗುವುದಿಲ್ಲ. ಎಂದೋ ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದೆ. ಅಂದಿನಿಂದ ಎಷ್ಟೇ ಮಹಡಿಯಿದ್ದರೂ ಮೆಟ್ಟಿಲೇ ಗತಿ. ಬಾತ್‌ರೂಮಿನ ಬಾಗಿಲನ್ನೂ ಬರೀ ಮುಂದೆ ಮಾಡಿಕೊಳ್ಳುತ್ತೇನೆ, ಲಾಕ್ ಮಾಡುವುದಿಲ್ಲ. ಇದು ಗೊತ್ತಿರುವುದು ನಮ್ಮವರೊಬ್ಬರಿಗೇ. ಈಗ ಎದೆ ಧಸಕ್ಕೆಂದಿತು. ಗೋಡೆಗಳು ಹತ್ತಿರ ಬಂದ ಹಾಗಾಯಿತು. ಮೇಲಿನ ಕಿಟಕಿ ಒಂದು ಪುಸ್ತಕದಷ್ಟು ಅಗಲ, ಅದಕ್ಕೂ ಸರಳು.

"ರೀ!" ಎಂದು ಕೂಗಿದೆ. "ಬಾಗ್ಲು ತೆಗಿಯಕ್ಕೆ ಆಗ್ತಿಲ್ಲ! ಏನಾದ್ರೂ ಮಾಡ್ರೀ!"

ಚಪ್ಪಲಿಯ ಸದ್ದು ಬಂತು. ಹಿಡಿ ಹೊರಗಿನಿಂದ ಒಮ್ಮೆ ಗಡಗಡ ಅಲುಗಿತು. ಆಮೇಲೆ ಏನೋ ಕೆರೆದ ಸದ್ದು. ಆಮೇಲೆ ಏನೂ ಇಲ್ಲ. ಆ ನಿಶ್ಶಬ್ದದಲ್ಲಿ ನನಗೆ ಉಸಿರೇ ಸಿಕ್ಕಿಕೊಂಡಿತು. ಬಾಗಿಲು ಬಡಿಯತೊಡಗಿದೆ. ಆಗ ಕುರ್ಚಿ ಎಳೆದ ಸದ್ದಾಯಿತು, ಗಂಟಲು ಸರಿಮಾಡಿಕೊಂಡ ಸದ್ದಾಯಿತು, ನಮ್ಮವರ ದನಿ ಕೇಳಿಸಿತು.

"ಬಾಗಿಲು ಮನುಷ್ಯನ ಬದುಕಿನ ಅವಿಭಾಜ್ಯ ಅಂಗ."

ನನಗೆ ಕಿವಿ ನಂಬಲಾಗಲಿಲ್ಲ.

"ಇಂದಿನ ವೇಗದ ಯುಗದಲ್ಲಿ ಬಾತ್‌ರೂಮ್ ಬಾಗಿಲು ಲಾಕ್ ಆದರೆ ಏನು ಮಾಡಬೇಕು ಎಂಬ ಪ್ರಶ್ನೆ..."

"ಅಯ್ಯೋ ನಿಮ್ಮ! ಕೆಳಗಿದೆ ಉತ್ತರ! ಕೆಳಗೆ ಹೋಗ್ರೀ!"

"...ಎಲ್ಲರನ್ನೂ ಒಮ್ಮೆಯಾದರೂ ಕಾಡಿರುತ್ತದೆ. ಬೀಗದ ಇತಿಹಾಸ ಬಹಳ ಹಳೆಯದು."

"ಇತಿಹಾಸ ಯಾರಿಗ್ರೀ ಬೇಕು! ನಾನಿಲ್ಲಿ ಇತಿಹಾಸ ಆಗ್ತಾ ಇದೀನಿ!"

ಮಹಾನುಭಾವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮರದ ಬೀಗ ಓದಿದರು, ಹಿತ್ತಾಳೆ ಬೀಗ ಓದಿದರು. ಬಾತ್‌ರೂಮ್ ಬಾಗಿಲು ಲಾಕ್ ಆದರೆ ಏನು ಮಾಡಬೇಕು ಎಂಬ ಸಾಲು ಪ್ರತಿ ಪ್ಯಾರಾದಲ್ಲೂ ಬರುತ್ತಿತ್ತು. ಹುಡುಕುವ ಯಂತ್ರಕ್ಕೆ ಅದು ಪ್ರೀತಿಯಂತೆ. ಪ್ರತಿ ಸಲ ಬಂದಾಗಲೂ ನಾನು ಒಳಗಿನಿಂದ "ತೆಗೀಬೇಕು!" ಎಂದು ಅರಚುತ್ತಿದ್ದೆ. ಅಂತೂ ಇಂತೂ "ಹಾಗಾದರೆ ಈಗ ಉತ್ತರಕ್ಕೆ ಬರೋಣ" ಎಂಬ ಸಾಲು ಬಂತು. ನಾನು ಬಾಗಿಲಿಗೆ ಕಿವಿಯಿಟ್ಟೆ. ಹೊರಗೆ ಒಂದು ಕ್ಷಣ ಸದ್ದಿಲ್ಲ.

"ಬಾಗಿಲು ಮನುಷ್ಯನ ಬದುಕಿನ ಅವಿಭಾಜ್ಯ ಅಂಗ."

"ಮತ್ತೆ ಮೊದ್ಲಿಂದ ಯಾಕ್ರೀ!"

"ಕೈ ತಗುಲ್ತು. ಮೇಲಕ್ಕೆ ಹೋಯ್ತು."

ಅಷ್ಟೂ ಹೊತ್ತಿನಲ್ಲಿ ಅವರು ಸ್ವಂತವಾಗಿ ಆಡಿದ ಮಾತು ಅದೊಂದೇ. ನನಗೆ ರೇಗಿಹೋಯಿತು. ಮದುವೆಯಾದಂದಿನಿಂದ ಹೊಟ್ಟೆಗೆ ಹಾಕಿಕೊಂಡದ್ದನ್ನೆಲ್ಲ ಹೊರಗೆ ಹಾಕಿದೆ. ಅವರನ್ನು ಬೈದೆ, ಅವರ ಕನ್ನಡಕವನ್ನು ಬೈದೆ, ಸೊಸೆಯನ್ನೂ ಬಿಡಲಿಲ್ಲ. "ಇದನ್ನ ಬರೆಸಿದಾನಲ್ಲ ಆ ಅಂಗ್ಡಿಯೋನು, ಅವನನ್ನ ಒಂದು ದಿನ ಇದೇ ಬಾತ್‌ರೂಮಲ್ಲಿ ಕೂಡಿ ಹಾಕ್ಬೇಕು! ಆಗ ಗೊತ್ತಾಗತ್ತೆ ಅವನಿಗೆ, ಉತ್ತರ ಎಲ್ಲಿ ಹಾಕ್ಬೇಕು ಅಂತ!" ಎಂದು ಕಿರುಚಿದೆ.

"ಬಂದಿದೀನಿ ಅಮ್ಮಾ" ಎಂದಿತು ಹೊರಗಿನಿಂದ ಒಂದು ಹೊಸ ದನಿ. "ಸ್ವಲ್ಪ ಹಿಂದೆ ಸರೀರಿ."

ಹಿಡಿಯ ಸುತ್ತ ಏನೋ ಕರಕರ ಎಂದು, ಎರಡು ತಿರುಪು ಬಿದ್ದ ಸದ್ದಾಗಿ, ಬಾಗಿಲು ತೆರೆಯಿತು. ಎದುರಿಗೆ ಸ್ಕ್ರೂಡ್ರೈವರ್ ಹಿಡಿದ ಅಂಗಡಿ ಯಜಮಾನ, ಅವನ ಹಿಂದೆ ಬೆವರುತ್ತಿದ್ದ ಸೊಸೆ. ಮಾವ ಮೆಸೇಜ್ ಕಳಿಸಿದ್ದರಂತೆ, ಅವಳು ಯಜಮಾನನನ್ನು ಅವನ ಸ್ಕೂಟರಿನಲ್ಲೇ ಎಳೆದುಕೊಂಡು ಬಂದಿದ್ದಳು. ನಮ್ಮವರು ಪಕ್ಕದಲ್ಲಿ ಕುರ್ಚಿಯ ಮೇಲೆ ಫೋನು ಹಿಡಿದು ಕೂತಿದ್ದರು. ಬಾಗಿಲು ತೆರೆದರೂ ಎತ್ತಿಕೊಂಡ ಸಾಲನ್ನು ಮುಗಿಸಿಯೇ ನಿಲ್ಲಿಸಿದರು.

ಎಲ್ಲರಿಗೂ ಚಹಾ ಆಯಿತು. ನಾಚಿಕೆಯಿಂದ ನನಗೆ ತಲೆಯೆತ್ತಲು ಆಗಲಿಲ್ಲ. ಸೊಸೆಯ ಕೆಲಸ ನಾನೇ ಕೈಯಾರೆ ಕಳೆದೆ ಎನಿಸಿತು. ಯಜಮಾನ ಬಿಸ್ಕತ್ತು ಅದ್ದಿಕೊಂಡು ತನ್ನ ಫೋನಿನಲ್ಲಿ ವೆಬ್‌ಸೈಟಿನ ಲೆಕ್ಕ ತೆಗೆದು ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಅರಳಿದ.

"ನೋಡಮ್ಮಾ ಇಲ್ಲಿ! ಇವತ್ತು ಯಾರೋ ಒಬ್ರು ಈ ಪೇಜಲ್ಲಿ ಅರ್ಧ ಗಂಟೆ ಮೇಲೆ ಕೂತಿದಾರೆ! ಇಷ್ಟು ಹೊತ್ತು ಯಾರೂ ಕೂತಿರ್ಲಿಲ್ಲ!"

ಸೊಸೆ ಸುಮ್ಮನೆ ಮಾವನ ಕಡೆ ಬೆರಳು ತೋರಿಸಿದಳು. ಅವನ ಮುಖ ಬಾಡಿತು.

"ಹೋಗ್ಲಿ ಬಿಡಿ" ಎಂದು ನಾನೇ ಬಾಯಿಬಿಟ್ಟೆ. "ಕೋಪದಲ್ಲಿ ಏನೇನೋ ಅಂದೆ. ನಿಜ ಹೇಳ್ಬೇಕೂಂದ್ರೆ, ಇವ್ರು ಓದ್ತಾ ಇದ್ರಲ್ಲ, ಅಷ್ಟು ಹೊತ್ತೂ ನಂಗೆ ಒಳಗಿದೀನಿ ಅನ್ನೋದೇ ಮರ್ತಿತ್ತು. ಸುಮ್ನಿದ್ದಿದ್ರೆ ಜೀವ ಹೋಗ್ತಿತ್ತು."

ಸೊಸೆ ಲೋಟ ಕೆಳಗಿಟ್ಟಳು. ಅವಳು ಹಾಗೆ ಲೋಟ ಇಟ್ಟರೆ ತಲೆಯಲ್ಲಿ ಏನೋ ಹೊಳೆದಿದೆ ಎಂದು ಅರ್ಥ. "ಸರ್, ಉತ್ತರ ಮೇಲೇ ಹಾಕೋಣ, ಮೊದಲ್ನೇ ಸಾಲಲ್ಲೇ. ಅದರ ಕೆಳಗೆ, 'ಬಾಗಿಲು ತೆಗೆಯುವವರೆಗೆ ಒಳಗಿರುವವರಿಗೆ ಇದನ್ನು ಓದಿ ಹೇಳಿ' ಅಂತ ಒಂದು ಭಾಗ. ಮಕ್ಕಳಿಗೆ ಬೇರೆ, ದೊಡ್ಡೋರಿಗೆ ಬೇರೆ. ಓದ್ತಾ ಕೂತ್ರೆ ಪೇಜಲ್ಲೂ ಇದ್ದ ಹಾಗಾಯ್ತು."

ಯಜಮಾನ ನನ್ನ ಮುಖ ನೋಡಿದ. ಬಾತ್‌ರೂಮಿನ ಬಿಚ್ಚಿದ ಹಿಡಿ ನೋಡಿದ. "ಮಾಡಿ" ಎಂದ. "ಇದೊಂದು ಸಲ ನೋಡೇಬಿಡೋಣ. ಇದಕ್ಕೆ ಇನ್ನೊಂದು ತಿಂಗಳು ಟೈಮ್ ಕೊಡ್ತೀನಿ."

ಅಂದಿನಿಂದ ಊಟದ ಮೇಜಿನ ಮೇಲೆ ತರಕಾರಿ ಹೆಚ್ಚುವುದು ಹಿಂದೆ ಬಿತ್ತು. ಹೊರಗಿನ ಹಿಡಿಯ ನಡುವೆ ಸಣ್ಣ ಸೀಳಿರುತ್ತದೆ, ನಾಣ್ಯ ಇಟ್ಟು ತಿರುಗಿಸಿ, ತಿರುಗದಿದ್ದರೆ ಬೀಗದವರನ್ನು ಕರೆಯಿರಿ ಎಂದು ಎರಡೇ ಸಾಲು ಮೇಲೆ ಕೂತವು. ಕೆಳಗಿನದಕ್ಕೆಲ್ಲ ನಾನು ಬಾಯಿ ಕೊಟ್ಟೆ, ಅವಳು ಕೈ ಕೊಟ್ಟಳು. ಎಕ್ಸ್‌ಚೇಂಜಿನ ಕಥೆಗಳು ಒಂದೇ ಎರಡೇ! ಒಬ್ಬ ಹೊಸ ಮದುವಣಿಗ ಹೆಂಡತಿಗೆ ಕರೆ ಮಾಡಿ ಮೂರು ನಿಮಿಷವೂ "ಹಲೋ, ಕೇಳಿಸ್ತಿದೆಯಾ?" ಎನ್ನುವುದರಲ್ಲೇ ಕಳೆದದ್ದು, ಕೊನೆಗೆ ನಾನೇ ನಡುವೆ ಬಾಯಿ ಹಾಕಿ "ಕೇಳಿಸ್ತಿದೆಯಂತೆ, ಚೆನ್ನಾಗಿದಾರಂತೆ" ಎಂದದ್ದು. ಮಕ್ಕಳಿಗೆಂದು ಹೇಳಿದ ಕಥೆಗೆ ಸೊಸೆಯೇ ನಕ್ಕು ನಕ್ಕು ಮೇಜಿಗೆ ಒರಗಿದಳು. ನಮ್ಮವರು ಎಲ್ಲ ಓದಿ ಎರಡು ತಪ್ಪು ತೋರಿಸಿ ಎದ್ದುಹೋದರು.

ಲೇಖನ ಮೆಲ್ಲಗೆ ಮೇಲೆ ಹತ್ತಿತು. ಎರಡನೇ ಪುಟಕ್ಕೆ ಬಂದು ಅಲ್ಲೇ ಮೊಂಡು ಹಿಡಿದು ಕೂತಿತು. ನಮಗೆ ಊಟ ರುಚಿಸಲಿಲ್ಲ. ಯಜಮಾನ ಕೊಟ್ಟ ತಿಂಗಳು ತುಂಬುವ ಮುಂಚೆ ಒಂದು ಬೆಳಿಗ್ಗೆ ಸೊಸೆ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿಬಂದು ಫೋನು ನನ್ನ ಮೂಗಿಗೆ ಹಿಡಿದಳು. ಮೊದಲ ಪುಟ, ಮೇಲಿನಿಂದ ಎರಡನೆಯದು. ಲೇಖನದ ಕೆಳಗೆ ಯಾರೋ ಒಬ್ಬ ತಂದೆ ಬರೆದಿದ್ದ: "ಬಾಗಿಲು ತೆಗೆದ ಮೇಲೂ ಮಗಳು ಹೊರಗೆ ಬರಲಿಲ್ಲ, ಕಥೆ ಮುಗಿಸು ಅಂತ ಹಟ ಮಾಡಿದಳು." ಯಜಮಾನ ಇನ್ನು ಕಿಟಕಿ, ಕಪಾಟು, ಪೆಟ್ಟಿಗೆ, ಎಲ್ಲದರ ಮೇಲೂ ಬರೆಯಿರಿ ಎಂದ. ಎರಡು ಬಸ್ಸಿನ ಕಚೇರಿಗೆ ಸೊಸೆ ಅಂದೇ ಬರುವುದಿಲ್ಲವೆಂದು ಹೇಳಿಕಳಿಸಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ತಡೆಯಲಾರದೆ ಅವಳಿಗೆ ಹೇಳಿಯೇಬಿಟ್ಟೆ: "ನೀನು ಮನೇಲಿದ್ರೆ ನಂಗೆ ಚೆನ್ನಾಗಿರತ್ತೆ ಕಣೇ."

"ಗೊತ್ತು ಅತ್ತೆ" ಎಂದಳು ಬಾಯಿ ತುಂಬ ನೊರೆಯಿಟ್ಟುಕೊಂಡು.

ಆ ಸಂಜೆ ಅಂಗಳದಲ್ಲಿ ನಮ್ಮವರ ಪಕ್ಕ ಕೂತು ಕಾಲೆಳೆದೆ. "ಎಲ್ಲ ನಿಮ್ಮಿಂದ್ಲೇ. ಅವತ್ತು ನೀವು ಎರಡು ಸಾಲು ಬಿಟ್ಟು ಓದಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ. ಅಲ್ಲಾ, ನಾಣ್ಯ ಹಾಕಿ ತಿರುಗ್ಸಿ ಅಂತ ಕೆಳಗೇ ಇತ್ತಲ್ರೀ, ಅಲ್ಲಿವರೆಗೂ ಹೋಗಿ ಮತ್ತೆ ಮೊದ್ಲಿಂದ ಶುರು ಮಾಡೋದಾ?"

ಅವರು ಫೋನು ಜೇಬಿಗಿಟ್ಟರು.

"ಆ ಲೇಖನ ನಾನೇ ತಿದ್ದಿದ್ದು" ಎಂದರು. "ನಾಣ್ಯ ಮೊದ್ಲೇ ಹಾಕಿ ನೋಡಿದ್ದೆ. ಸೀಳು ಸವೆದೋಗಿತ್ತು. ತಿರುಗ್ಲಿಲ್ಲ."

ಕೆರೆದ ಸದ್ದು ನನಗೆ ನೆನಪಾಯಿತು.

"ಮತ್ತೆ ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಹೆದರ್ಕೋತಿದ್ದೆ. ಅವ್ರು ಬರೋ ತನಕ ಏನಾದ್ರೂ ಮಾತಾಡ್ಬೇಕಿತ್ತು. ನಂಗೆ ಮಾತಾಡಕ್ಕೆ ಬರಲ್ಲ, ಓದಕ್ಕೆ ಬರತ್ತೆ." ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. "ಬೈತಾ ಇದ್ದಾಗ ನಿಂಗೆ ಭಯ ಆಗಲ್ಲ."

ಇಷ್ಟು ವರ್ಷಗಳಲ್ಲಿ ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಕಣ್ಣು ತುಂಬಿತು, ತುಂಬಲಿ ಎಂದು ಬಿಟ್ಟೆ. ಒಳಗಿನಿಂದ ಸೊಸೆಯ ಟಪಟಪ ಕೇಳಿಸುತ್ತಿತ್ತು, ಕಪಾಟಿನ ಬೀಗದ ಬಗ್ಗೆ ಇರಬೇಕು. ಅವರ ಜೇಬಿನಿಂದ ಫೋನು ತೆಗೆದು ಅವರ ಕೈಗಿಟ್ಟೆ.

"ಓದ್ರೀ" ಎಂದೆ. "ಆ ಹಳೇದನ್ನೇ. ಮೊದ್ಲಿಂದ, ಒಂದಕ್ಷರ ಬಿಡ್ಬೇಡಿ."